ಗುರಾಣಿಯ ಹೊರಗಿನವರು: ಸೆನೆಟರ್ ಮಾರ್ಗರೆಟ್ ಚೇಸ್ ಸ್ಮಿತ್ ಅವರ 1950ರ ಭಾಷಣ, ಒಂದು ಪ್ರಕರಣ ಅಧ್ಯಯನ

ವಾಷಿಂಗ್ಟನ್‌ನಲ್ಲಿ ಸೆನೆಟರ್‌ಗಳ, ಅಂದರೆ ಮೇಲ್ಮನೆ ಸದಸ್ಯರ ಕಚೇರಿ ಕಟ್ಟಡದಿಂದ ಸಂಸತ್ ಭವನವಾದ ಕ್ಯಾಪಿಟಲ್‌ಗೆ ನೆಲದಡಿಯಲ್ಲಿ ಒಂದು ಪುಟ್ಟ ರೈಲು ಓಡುತ್ತದೆ. 1950ರ ಜೂನ್ 1ರ ಗುರುವಾರ ಆ ರೈಲು ಹತ್ತಲು ಬಂದ ಮಾರ್ಗರೆಟ್ ಚೇಸ್ ಸ್ಮಿತ್‌ಗೆ ಎದುರಾದವರು, ಸರ್ಕಾರದೊಳಗೆ ಕಮ್ಯುನಿಸ್ಟರಿದ್ದಾರೆ ಎಂದು ಆಗ ಆರೋಪ ಹೊರಿಸುತ್ತಿದ್ದ ವಿಸ್ಕಾನ್ಸಿನ್‌ನ ಸೆನೆಟರ್ ಜೋಸೆಫ್ ಮೆಕಾರ್ಥಿ. ಇಬ್ಬರೂ ರಿಪಬ್ಲಿಕನ್ ಪಕ್ಷದವರು, ಒಂದೇ ಸಮಿತಿಯಲ್ಲಿ ಕೂರುವವರು. "ಏನು ಮಾರ್ಗರೆಟ್, ಬಹಳ ಗಂಭೀರವಾಗಿದ್ದೀರಿ, ಭಾಷಣ ಏನಾದರೂ ಇದೆಯೇ?" ಎಂದು ಅವರು ಕೇಳಿದರು. "ಇದೆ. ನಿಮಗದು ಹಿಡಿಸುವುದಿಲ್ಲ" ಎಂದರು ಸ್ಮಿತ್. ತನ್ನ ಕುರಿತೇ ಎಂದು ಗೊತ್ತಾದ ಮೇಲೆ ಮೆಕಾರ್ಥಿ ಒಂದು ಮಾತು ಸೇರಿಸಿದರು: ಅಭ್ಯರ್ಥಿಗಳನ್ನು ಆರಿಸುವ ಪಕ್ಷದ ಅಧಿವೇಶನದಲ್ಲಿ ವಿಸ್ಕಾನ್ಸಿನ್‌ನ 27 ಮತ ನನ್ನ ಕೈಯಲ್ಲಿದೆ, ನೆನಪಿರಲಿ. ಸ್ಮಿತ್ ಹೆಸರು ಆಗ ಉಪಾಧ್ಯಕ್ಷ ಹುದ್ದೆಗೆ ಅಲ್ಲಲ್ಲಿ ಕೇಳಿಬರುತ್ತಿತ್ತು. ಬೆದರಿಕೆಯನ್ನು ಸಲಹೆಯ ಹಾಗೆ ಹೇಳುವ ಈ ಧಾಟಿ ರಾಜಕೀಯ ಹತ್ತಿರದಿಂದ ನೋಡಿದವರಿಗೆ ಹೊಸದಲ್ಲ.

ಈ ಸಂಭಾಷಣೆಯನ್ನು ಸ್ಮಿತ್ ತಾವೇ ಮುಂದೆ ಬರೆದಿಟ್ಟರು. ಅದಾದ ಸ್ವಲ್ಪ ಹೊತ್ತಿಗೆ ಸದನದಲ್ಲಿ ಅವರು ಹದಿನೈದು ನಿಮಿಷ ಮಾತಾಡಿದರು. ಇತಿಹಾಸದಲ್ಲಿ ಅದಕ್ಕೆ 'ಆತ್ಮಸಾಕ್ಷಿಯ ಘೋಷಣೆ' ಎಂಬ ಹೆಸರು ನಿಂತಿದೆ. ಆ ಭಾಷಣದಲ್ಲಿ ಧೈರ್ಯ ಇತ್ತು ಎಂದು ಹೊಗಳಿ ಮುಗಿಸುವುದು ರೂಢಿ. ಧೈರ್ಯ ಇತ್ತು, ಅದರಲ್ಲಿ ಅನುಮಾನವಿಲ್ಲ. ಆದರೆ ನನ್ನನ್ನು ಹಿಡಿದು ನಿಲ್ಲಿಸುವುದು ಬೇರೆಯೇ ಸಂಗತಿ: ಸದನದ ಒಳಗೆ ಕೂತು ಹೊರಗಿನವರ ಮಾನ ತೆಗೆಯಲು ಸದಸ್ಯರಿಗೆ ಸಿಕ್ಕಿರುವ ರಕ್ಷಣೆಯನ್ನೇ ಅವರು ಸದನದ ಮುಂದಿಟ್ಟು ಪ್ರಶ್ನೆ ಮಾಡಿದರು. ಆ ಪ್ರಶ್ನೆಗೆ ಸೆನೆಟ್ ಏನು ಉತ್ತರ ಕೊಟ್ಟಿತು, ಏನು ಕೊಡಲಿಲ್ಲ ಎಂದು ನೋಡುವುದೇ ಈ ಅಧ್ಯಯನ.

ಸ್ಕೌಹೀಗನ್‌ನಿಂದ ಸೆನೆಟ್‌ಗೆ

ಸ್ಮಿತ್ ಹುಟ್ಟಿದ್ದು 1897ರ ಡಿಸೆಂಬರ್ 14ರಂದು, ಮೇಯ್ನ್ ರಾಜ್ಯದ ಸ್ಕೌಹೀಗನ್ ಎಂಬ ಗಿರಣಿ ಊರಿನಲ್ಲಿ. ಅಪ್ಪ ಕ್ಷೌರಿಕ. ಅಮ್ಮ ಹೋಟೆಲಿನಲ್ಲಿ ಬಡಿಸುವ ಕೆಲಸ, ಶೂ ಕಾರ್ಖಾನೆಯ ಕೆಲಸ, ಸಿಕ್ಕಿದ್ದು ಮಾಡಿದವರು. ಆರು ಮಕ್ಕಳಲ್ಲಿ ಮಾರ್ಗರೆಟ್ ಹಿರಿಯಳು. ಹುಡುಗಿಯಾಗಿದ್ದಾಗಲೇ ಅಗ್ಗದ ಸಾಮಾನಿನ ಅಂಗಡಿಯಲ್ಲಿ ನಿಂತರು, ಟೆಲಿಫೋನ್ ಎಕ್ಸ್‌ಚೇಂಜಿನಲ್ಲಿ ಆಪರೇಟರ್ ಆದರು. ಮುಂದೆ ಸ್ವಲ್ಪ ಕಾಲ ಶಾಲೆಯಲ್ಲಿ ಪಾಠ, ಊರಿನ ವಾರಪತ್ರಿಕೆಯಲ್ಲಿ ಕೆಲಸ, ಉಣ್ಣೆ ಗಿರಣಿಯ ಕಚೇರಿ. ಕಾಲೇಜಿನ ಮೆಟ್ಟಿಲು ಹತ್ತಲಿಲ್ಲ. 1930ರಲ್ಲಿ ಕ್ಲೈಡ್ ಸ್ಮಿತ್‌ರನ್ನು ಮದುವೆಯಾದರು. ಅವರು 1936ರಲ್ಲಿ ಪ್ರತಿನಿಧಿಗಳ ಸಭೆಗೆ, ಅಂದರೆ ಕೆಳಮನೆಗೆ ಆರಿಸಿ ಬಂದಾಗ ಮಾರ್ಗರೆಟ್ ಅವರ ಕಚೇರಿಯ ಕಾರ್ಯದರ್ಶಿಯಾದರು. 1940ರ ಏಪ್ರಿಲ್‌ನಲ್ಲಿ ಕ್ಲೈಡ್ ತೀರಿಕೊಂಡರು. ತೆರವಾದ ಸ್ಥಾನಕ್ಕೆ ಹೆಂಡತಿ ನಿಂತು ಗೆದ್ದರು.

ಗಂಡ ಸತ್ತ ಸ್ಥಾನಕ್ಕೆ ಹೆಂಡತಿಯನ್ನು ನಿಲ್ಲಿಸುವುದು, ಅನುಕಂಪದ ಮತ ಬಾಚುವುದು ನಮ್ಮಲ್ಲೂ ಕಂಡ ಕತೆಯೇ. ಸ್ಮಿತ್ ಆ ಕತೆಯಲ್ಲಿ ನಿಲ್ಲಲಿಲ್ಲ. ಎರಡನೇ ಮಹಾಯುದ್ಧದ ಹೊತ್ತಿಗೆ ನೌಕಾ ವ್ಯವಹಾರ ಸಮಿತಿ ಸೇರಿದರು. ಸೇನೆಯಲ್ಲಿ ದುಡಿಯುವ ಹೆಣ್ಣುಮಕ್ಕಳನ್ನು ಯುದ್ಧ ಬಂದಾಗ ಕರೆದು ಮುಗಿದಾಗ ಕಳಿಸುವ 'ಮೀಸಲು' ಪಟ್ಟಿಯಲ್ಲಿ ಇಡಬಾರದು, ಗಂಡಸರ ಹಾಗೆ ಕಾಯಂ ನೌಕರಿ ಕೊಡಬೇಕು ಎಂದು ಪಟ್ಟು ಹಿಡಿದರು. ಸೇನೆಗೆ ಇವರು ಬೇಕೋ ಬೇಡವೋ, ಎರಡರಲ್ಲೊಂದು ಹೇಳಿ ಎಂಬುದು ಅವರ ವಾದ. ಸಮಿತಿಯಲ್ಲಿ ಅವರು ಒಂಟಿಯಾದ ಹೊತ್ತೂ ಇತ್ತು. ಕೊನೆಗೆ 1948ರ ಜೂನ್‌ನಲ್ಲಿ ಕಾಯಂ ಸ್ಥಾನ ಕೊಡುವ ಕಾಯ್ದೆಯೇ ಬಂತು. ಸಂಸತ್ತಿನಲ್ಲಿ ಅವರ ಕೊಡುಗೆ ಏನು ಎಂದು ಕೇಳಿದರೆ ಭಾಷಣಕ್ಕಿಂತ ಮೊದಲು ಈ ಕಾಯ್ದೆಯನ್ನು ಹೇಳುವವರಿದ್ದಾರೆ. ಅದು ನ್ಯಾಯವೇ.

ಅದೇ 1948ರಲ್ಲಿ ಅವರು ಸೆನೆಟ್‌ಗೆ ನಿಂತರು. ಪಕ್ಷದ ಒಳಚುನಾವಣೆಯಲ್ಲಿ ಎದುರಿಗಿದ್ದವರಲ್ಲಿ ಒಬ್ಬರು ಹಾಲಿ ಗವರ್ನರ್, ಇನ್ನೊಬ್ಬರು ಮಾಜಿ ಗವರ್ನರ್. ಗಂಡಸರು ಸಿಗುವಾಗ ಹೆಂಗಸನ್ನೇಕೆ ಕಳಿಸಬೇಕು ಎಂಬ ಮಾತು ಪ್ರಚಾರದಲ್ಲಿ ತೇಲಿತು. ಚಳಿಗಾಲದಲ್ಲಿ ಹಿಮದ ಮೇಲೆ ಜಾರಿ ಸ್ಮಿತ್‌ರ ಕೈ ಮುರಿಯಿತು. ಪ್ಲಾಸ್ಟರ್ ಹಾಕಿಸಿಕೊಂಡು ಊರೂರು ತಿರುಗಿದರು. ಎದುರಾಳಿಗಳೆಲ್ಲರ ಮತ ಕೂಡಿಸಿದರೂ ಅವರ ಮತಕ್ಕೆ ಸಾಟಿಯಾಗಲಿಲ್ಲ. ಅಮೆರಿಕದ ಸಂಸತ್ತಿನ ಎರಡೂ ಮನೆಗಳಲ್ಲಿ ಕೂತ ಮೊದಲ ಮಹಿಳೆ ಅವರೇ. 1950ರಲ್ಲಿ ಸೆನೆಟ್‌ನಲ್ಲಿದ್ದ 96 ಸದಸ್ಯರಲ್ಲಿ ಹೆಣ್ಣು ಅವರೊಬ್ಬರೇ.

ಪಟ್ಟಿ ಮತ್ತು ಪುರಾವೆ

1949ರ ಆಗಸ್ಟ್‌ನಲ್ಲಿ ಸೋವಿಯತ್ ಒಕ್ಕೂಟ ಅಣುಬಾಂಬ್ ಸಿಡಿಸಿತು. ಅಕ್ಟೋಬರ್‌ನಲ್ಲಿ ಚೀನಾ ಮಾವೋ ಕೈಗೆ ಹೋಯಿತು. 1950ರ ಜನವರಿಯಲ್ಲಿ ವಿದೇಶಾಂಗ ಇಲಾಖೆಯ ಮಾಜಿ ಅಧಿಕಾರಿ ಆಲ್ಜರ್ ಹಿಸ್ ಸೋವಿಯತ್ ಬೇಹುಗಾರಿಕೆಗೆ ಸಂಬಂಧಿಸಿದ ಸುಳ್ಳುಸಾಕ್ಷಿಯ ಆರೋಪದಲ್ಲಿ ದೋಷಿಯಾದರು. ನಮ್ಮೊಳಗೇ ಶತ್ರು ಕೂತಿದ್ದಾನೆ ಎಂಬ ಭಯ ಜನರಲ್ಲಿ ಬೇರೂರಿತ್ತು. ಆ ಭಯಕ್ಕೆ ಆಧಾರವೇ ಇರಲಿಲ್ಲ ಎನ್ನುವುದೂ ತಪ್ಪಾದೀತು.

ಆ ಫೆಬ್ರವರಿ 9ರಂದು ವೆಸ್ಟ್ ವರ್ಜೀನಿಯಾದ ವೀಲಿಂಗ್ ಊರಲ್ಲಿ ರಿಪಬ್ಲಿಕನ್ ಮಹಿಳಾ ಕ್ಲಬ್ಬಿನ ಊಟದ ಕೂಟ. ಮೆಕಾರ್ಥಿ ಕೈಯಲ್ಲಿ ಒಂದು ಹಾಳೆ ಹಿಡಿದು, ವಿದೇಶಾಂಗ ಇಲಾಖೆಯಲ್ಲಿರುವ ಕಮ್ಯುನಿಸ್ಟರ ಪಟ್ಟಿ ಇದು ಎಂದರು. 205 ಹೆಸರು ಎಂದು ಪತ್ರಿಕೆಯಲ್ಲಿ ಬಂತು. ಕೆಲವೇ ದಿನಗಳಲ್ಲಿ ಅದು 57 ಆಯಿತು. ಫೆಬ್ರವರಿ 20ರಂದು ಸೆನೆಟ್‌ನಲ್ಲಿ ಗಂಟೆಗಟ್ಟಲೆ ಮಾತಾಡಿದಾಗ 81 'ಪ್ರಕರಣ' ಆಯಿತು. ಎತ್ತು ಈಯಿತು ಎಂದರೆ ಕೊಟ್ಟಿಗೆಗೆ ಕಟ್ಟು ಎನ್ನುವ ಕಾಲ. ಸಂಖ್ಯೆ ಯಾಕೆ ಬದಲಾಗುತ್ತಿದೆ ಎಂದು ಕೇಳಿದವರ ದನಿ ಯಾರಿಗೂ ಮುಟ್ಟಲಿಲ್ಲ.

ಸ್ಮಿತ್ ಆರಂಭದಲ್ಲಿ ಮೆಕಾರ್ಥಿ ಮಾತಿನಲ್ಲಿ ಏನೋ ಇದೆ ಎಂದೇ ನಂಬಿದ್ದರು. ಅವರೇನು ಎಡಪಂಥದ ಸ್ನೇಹಿತರಲ್ಲ, ಕಮ್ಯುನಿಸಂ ವಿರೋಧದಲ್ಲಿ ಯಾರಿಗೂ ಕಡಿಮೆ ಇರಲಿಲ್ಲ. ಆದರೆ ಪುರಾವೆ ತೋರಿಸಿ ಎಂದು ಕೇಳಿದರು. ಮೆಕಾರ್ಥಿ ಕಾಗದಗಳ ಪ್ರತಿ ತೋರಿಸಿದರು. ಓದಿ ನೋಡಿದರೆ ಆರೋಪಕ್ಕೂ ಆ ಕಾಗದಕ್ಕೂ ಸಂಬಂಧ ಕಾಣಲಿಲ್ಲ. ತಾನು ವಕೀಲೆಯಲ್ಲ, ತನಗೆ ತಿಳಿಯದೆ ಇರಬಹುದು ಎಂದುಕೊಂಡು ಮತ್ತೆ ಕೇಳಿದರು. ಮತ್ತೆ ಅದೇ. ಈ ಹಂತವನ್ನು ನಾನು ಮುಖ್ಯ ಎನ್ನುತ್ತೇನೆ. ಸದನದಲ್ಲಿ ನಿಲ್ಲುವ ಮೊದಲು ಅವರು ಎದುರಾಳಿಯ ಬಳಿಯೇ ಹೋಗಿ ಕಾಗದ ನೋಡಿದ್ದರು. ಆಮೇಲೆ ಆಡಿದ ಒಂದೊಂದು ಮಾತಿಗೂ ಆ ತಾಳ್ಮೆಯ ಭಾರವಿದೆ.

ಆರೋಪ ವಿಚಾರಿಸಲು ಮೇರಿಲ್ಯಾಂಡ್‌ನ ಡೆಮಾಕ್ರಾಟ್ ಮಿಲರ್ಡ್ ಟೈಡಿಂಗ್ಸ್ ಅಧ್ಯಕ್ಷತೆಯಲ್ಲಿ ಉಪಸಮಿತಿ ಕೂತಿತು. ಮಾರ್ಚ್‌ನಲ್ಲಿ ಮೆಕಾರ್ಥಿ ಅಲ್ಲಿ ಮೊದಲು ಎತ್ತಿದ್ದು ಒಬ್ಬ ಹೆಣ್ಣುಮಗಳ ಹೆಸರು: ಡೊರೊಥಿ ಕೆನ್ಯನ್. ನ್ಯೂಯಾರ್ಕ್‌ನಲ್ಲಿ ನ್ಯಾಯಾಧೀಶೆಯಾಗಿದ್ದ ವಕೀಲೆ, ವಿಶ್ವಸಂಸ್ಥೆಯ ಮಹಿಳಾ ಸ್ಥಾನಮಾನ ಆಯೋಗದಲ್ಲಿ ಅಮೆರಿಕದ ಪ್ರತಿನಿಧಿಯಾಗಿದ್ದವರು. ಕೆನ್ಯನ್ ಸಮಿತಿಯ ಮುಂದೆ ಬಂದು ಆರೋಪವನ್ನು ನೇರವಾಗಿ ಅಲ್ಲಗಳೆದರು. ಆರೋಪ ಸಾಬೀತಾಗಲಿಲ್ಲ. ಆದರೂ ಅಲ್ಲಿಂದ ಮುಂದೆ ಸರ್ಕಾರದ ಯಾವ ಹುದ್ದೆಯೂ ಅವರಿಗೆ ಸಿಗಲಿಲ್ಲ. ಈ ಹೆಸರನ್ನು ನೆನಪಿಟ್ಟುಕೊಳ್ಳಿ.

ಒಂದು ಹೊಡೆದಾಟದಿಂದ ಹುಟ್ಟಿದ ನಿಯಮ

ಇಲ್ಲಿ ಸದನದ ಕಟ್ಟುಪಾಡು ಸ್ವಲ್ಪ ಹೇಳಬೇಕು, ಇಲ್ಲದಿದ್ದರೆ ಸ್ಮಿತ್ ಮಾಡಿದ್ದರ ಸೂಕ್ಷ್ಮ ಸಿಗುವುದಿಲ್ಲ.

ಅಮೆರಿಕದ ಸಂವಿಧಾನದ ಮೊದಲ ವಿಧಿ, ಆರನೇ ಪ್ರಕರಣದ ಪ್ರಕಾರ ಸದನದಲ್ಲಿ ಆಡಿದ ಮಾತಿಗೆ ಸದಸ್ಯರನ್ನು ಹೊರಗೆ ಎಲ್ಲಿಯೂ ಪ್ರಶ್ನಿಸುವಂತಿಲ್ಲ. ಬೀದಿಯಲ್ಲಿ ನಿಂತು ಒಬ್ಬರನ್ನು ದೇಶದ್ರೋಹಿ ಎಂದರೆ ಮಾನನಷ್ಟ ಮೊಕದ್ದಮೆ ಬೀಳುತ್ತದೆ, ಸದನದಲ್ಲಿ ಅಂದರೆ ಏನೂ ಇಲ್ಲ. ಈ ರಕ್ಷಣೆ ಕೆಟ್ಟದ್ದಲ್ಲ. ರಾಜನ ಮುಂದೆ, ಸರ್ಕಾರದ ಮುಂದೆ ಜನಪ್ರತಿನಿಧಿ ನಿರ್ಭಯವಾಗಿ ಮಾತಾಡಲಿ ಎಂದೇ ಬಂದದ್ದು. ನಮ್ಮ ಸಂವಿಧಾನದಲ್ಲೂ ಸಂಸತ್ತಿಗೆ 105ನೇ ವಿಧಿ, ರಾಜ್ಯ ವಿಧಾನಮಂಡಲಗಳಿಗೆ 194ನೇ ವಿಧಿ ಇದನ್ನೇ ಕೊಡುತ್ತವೆ. ಬೆಂಗಳೂರಿನ ವಿಧಾನಸೌಧದಲ್ಲಿ ಶಾಸಕರು ಆಡುವ ಮಾತಿಗೆ ಇರುವ ಗುರಾಣಿಯೂ ಇದೇ.

ಇನ್ನೊಂದು ಕಡೆ ಸೆನೆಟ್‌ಗೆ ತನ್ನದೇ 19ನೇ ನಿಯಮವಿದೆ. ಸೆನೆಟರ್ ಒಬ್ಬರು ಚರ್ಚೆಯಲ್ಲಿ ನೇರವಾಗಲಿ ಸುತ್ತುಬಳಸಿಯಾಗಲಿ, ಯಾವುದೇ ಮಾತಿನ ರೂಪದಲ್ಲಿ, ಇನ್ನೊಬ್ಬ ಸೆನೆಟರ್‌ಗೆ ಸೆನೆಟರ್‌ಗೆ ತಕ್ಕದ್ದಲ್ಲದ ನಡತೆಯನ್ನೋ ಉದ್ದೇಶವನ್ನೋ ಆರೋಪಿಸಬಾರದು. ಇದರ ಹುಟ್ಟು 1902ರ ಫೆಬ್ರವರಿಯಲ್ಲಿ. ಸೌತ್ ಕೆರೊಲೈನಾದ ಇಬ್ಬರು ಸೆನೆಟರ್‌ಗಳಾದ ಬೆಂಜಮಿನ್ ಟಿಲ್‌ಮನ್, ಜಾನ್ ಮೆಕ್ಲಾರಿನ್ ಸದನದಲ್ಲೇ ಕೈ ಕೈ ಮಿಲಾಯಿಸಿದರು. ಮರ್ಯಾದೆ ಹೋಯಿತೆಂದು ಸೆನೆಟ್ ಈ ಕಟ್ಟಳೆ ಮಾಡಿಕೊಂಡಿತು.

ಎರಡನ್ನೂ ಪಕ್ಕದಲ್ಲಿಟ್ಟು ನೋಡಿ. ಸೆನೆಟರ್ ಒಬ್ಬರು ಯಾವ ಗುಮಾಸ್ತನನ್ನೂ ಪ್ರೊಫೆಸರನ್ನೂ ದ್ರೋಹಿ ಎನ್ನಬಹುದು, ಅವನಿಗೆ ಕೋರ್ಟಿನ ದಾರಿಯೂ ಇಲ್ಲ. ಅದೇ ಮಾತನ್ನು ಪಕ್ಕದ ಆಸನದವರಿಗೆ ಅಂದರೆ ಕ್ರಿಯಾಲೋಪ (ನಿಯಮ ಮುರಿದಿರಿ ಎಂಬ ಆಕ್ಷೇಪ), ಕೂತ್ಕೊಳ್ಳಿ. ಗುರಾಣಿ ಒಳಗಿರುವವರಿಗೆ ಎರಡೂ ಕಡೆಯಿಂದ ಕಾಯುತ್ತದೆ. ಹೊರಗಿನವರಿಗೆ ಒಂದು ಕಡೆಯಿಂದಲೂ ಇಲ್ಲ.

ನಮ್ಮ ಲೋಕಸಭೆಯ ಕಾರ್ಯವಿಧಾನ ನಿಯಮಗಳಲ್ಲಿ 353ನೆಯದು ಈ ವಿಷಯದಲ್ಲಿ ಒಂದು ಹೆಜ್ಜೆ ಮುಂದಿದೆ ಎಂಬುದು ನನಗೆ ಸಮಾಧಾನ ಕೊಡುವ ಸಂಗತಿ. ಯಾವುದೇ ವ್ಯಕ್ತಿಯ ಮೇಲೆ ಮಾನಹಾನಿಯ ಆರೋಪ ಮಾಡುವ ಮೊದಲು ಸಭಾಧ್ಯಕ್ಷರಿಗೂ ಸಂಬಂಧಪಟ್ಟ ಸಚಿವರಿಗೂ ಸಾಕಷ್ಟು ಮುಂಚೆ ಸೂಚನೆ ಕೊಡಬೇಕು ಎನ್ನುತ್ತದೆ ಅದು. 'ಸದಸ್ಯ' ಎನ್ನುವುದಿಲ್ಲ, 'ಯಾವುದೇ ವ್ಯಕ್ತಿ' ಎನ್ನುತ್ತದೆ. ದಿನನಿತ್ಯದ ಕಲಾಪದಲ್ಲಿ ಅದನ್ನು ಎಷ್ಟು ಪಾಲಿಸುತ್ತಾರೆ ಎಂಬುದು ಬೇರೆ ಮಾತು, ಕಡೇಪಕ್ಷ ಅಕ್ಷರದಲ್ಲಿ ಇದೆ.

ಸ್ಮಿತ್ ಮುಂದಿದ್ದ ತೊಡಕು ಈಗ ಸ್ಪಷ್ಟವಾದೀತು. ಮೆಕಾರ್ಥಿ ಹೆಸರೆತ್ತಿದರೆ ಅವರೇ ನಿಯಮ ಮುರಿದಂತೆ. ಜೊತೆಗೆ ಅವರು ಮೊದಲ ಅವಧಿಯ ಸದಸ್ಯೆ. ಹೊಸಬರು ಬಾಯಿ ಬಿಡದೆ ಕೂರಬೇಕು ಎಂಬ ರೂಢಿ ಸೆನೆಟ್‌ನಲ್ಲಿ ಬಲವಾಗಿತ್ತು. ಹಿರಿಯರು ಯಾರಾದರೂ ಮಾತಾಡಲಿ ಎಂದು ಅವರು ಕಾದರು. ಫೆಬ್ರವರಿ, ಮಾರ್ಚ್, ಏಪ್ರಿಲ್, ಮೇ ಕಳೆಯಿತು. ಅವರ ಪಕ್ಷದಿಂದ ಯಾರೂ ಏಳಲಿಲ್ಲ.

ಹದಿನೈದು ನಿಮಿಷ

ಭಾಷಣದ ಕರಡನ್ನು ತಮ್ಮ ಕಚೇರಿಯ ವಿಲಿಯಂ ಲೂಯಿಸ್ ನೆರವಿನಿಂದ ಸಿದ್ಧಮಾಡಿದರು. ಜೊತೆಗೆ ಐದು ಅಂಶಗಳ ಒಂದು ಚಿಕ್ಕ ಹೇಳಿಕೆ ಬರೆದು ಪಕ್ಷದ ಆರು ಸೆನೆಟರ್‌ಗಳ ಸಹಿ ಪಡೆದರು: ಆರೆಗನ್‌ನ ವೇಯ್ನ್ ಮೋರ್ಸ್, ವರ್ಮಾಂಟ್‌ನ ಜಾರ್ಜ್ ಐಕನ್, ನ್ಯೂಹ್ಯಾಂಪ್‌ಶೈರ್‌ನ ಚಾರ್ಲ್ಸ್ ಟೋಬಿ, ನ್ಯೂಯಾರ್ಕ್‌ನ ಅರ್ವಿಂಗ್ ಐವ್ಸ್, ಮಿನೆಸೋಟಾದ ಎಡ್ವರ್ಡ್ ಥೈ, ನ್ಯೂಜೆರ್ಸಿಯ ರಾಬರ್ಟ್ ಹೆಂಡ್ರಿಕ್ಸನ್. ಪಕ್ಷದ ದೊಡ್ಡ ನಾಯಕರ ಹೆಸರು ಆ ಪಟ್ಟಿಯಲ್ಲಿ ಇಲ್ಲ.

ಈ ಭಾಷಣವನ್ನು ಗಟ್ಟಿಯಾಗಿ ಓದಿ ನೋಡಿದ್ದೇನೆ. ಕಣ್ಣಲ್ಲಿ ಓದಿದರೆ ಸಿಗದ ಒಂದು ಗುಣ ಅದರಲ್ಲಿದೆ. ವಾಕ್ಯಗಳು ಚಿಕ್ಕವು, ಅಲಂಕಾರ ಕಡಿಮೆ, ದನಿ ಎತ್ತಲು ಎಲ್ಲಿಯೂ ಆಸ್ಪದವಿಲ್ಲ. ದೇಶದ ಗಂಭೀರ ಸ್ಥಿತಿಯೊಂದರ ಬಗ್ಗೆ ಚಿಕ್ಕದಾಗಿ, ಸರಳವಾಗಿ ಮಾತಾಡುತ್ತೇನೆ ಎಂದೇ ಶುರುಮಾಡುತ್ತಾರೆ, ಕೊನೆಯವರೆಗೂ ಹಾಗೇ ಆಡುತ್ತಾರೆ. ರಿಪಬ್ಲಿಕನ್ ಆಗಿ ಮಾತಾಡುತ್ತಿದ್ದೇನೆ, ಹೆಣ್ಣಾಗಿ ಮಾತಾಡುತ್ತಿದ್ದೇನೆ, ಸೆನೆಟರ್ ಆಗಿ, ಅಮೆರಿಕದವಳಾಗಿ ಮಾತಾಡುತ್ತಿದ್ದೇನೆ ಎಂದು ನಾಲ್ಕು ಗುರುತು ಕೊಡುತ್ತಾರೆ.

ಆಮೇಲೆ ಬರುವುದು ಗುರಾಣಿಯ ಮಾತು. ಜಗತ್ತಿನಲ್ಲೇ ದೊಡ್ಡ ಚರ್ಚಾಸದನ ಎಂಬ ಗೌರವ ಸೆನೆಟ್‌ಗಿತ್ತು. ಇತ್ತೀಚೆಗೆ ಅದು ಸದಸ್ಯರ ವಿಶೇಷ ಹಕ್ಕಿನ ಗುರಾಣಿಯ ಮರೆಯಲ್ಲಿ ದ್ವೇಷ ಕಾರುವ, ತೇಜೋವಧೆ ಮಾಡುವ ಜಾಗವಾಗಿದೆ ಎನ್ನುತ್ತಾರೆ. ಮುಂದೆ 19ನೇ ನಿಯಮದ ಪದಗಳನ್ನೇ ಎತ್ತಿಕೊಳ್ಳುತ್ತಾರೆ. "ನೇರವಾಗಲಿ ಸುತ್ತುಬಳಸಿಯಾಗಲಿ, ಯಾವುದೇ ಮಾತಿನ ರೂಪದಲ್ಲಿ" ಎಂಬ ಆ ಪದಗುಚ್ಛವನ್ನು ಹಾಗೇ ಇಟ್ಟುಕೊಂಡು, 'ಸೆನೆಟರ್' ಇದ್ದ ಕಡೆ 'ಸೆನೆಟರ್ ಅಲ್ಲದ ಅಮೆರಿಕದ ಪ್ರಜೆ' ಎಂದು ಹಾಕುತ್ತಾರೆ: ಅವರಿಗೆ ನಾವು ಏನನ್ನು ಬೇಕಾದರೂ ಆರೋಪಿಸಬಹುದು, ಅವರಿಗೆ ನಮ್ಮ ವಿರುದ್ಧ ಕಾನೂನಿನ ಪರಿಹಾರವಿಲ್ಲ, ಅದನ್ನೇ ಸಹೋದ್ಯೋಗಿಗಳ ಬಗ್ಗೆ ಅಂದರೆ ನಮ್ಮನ್ನು ತಡೆಯಬಹುದು. ನಿಯಮಪುಸ್ತಕದ ಸಾಲೊಂದು ಹೀಗೆ ಕನ್ನಡಿಯಾಗುತ್ತದೆ. ಸದನದಲ್ಲಿ ಕೂತವರಿಗೆ ಆ ಪದಗಳು ಬಾಯಿಪಾಠ, ಹಾಗಾಗಿ ವಿವರಿಸುವ ಅಗತ್ಯವೇ ಇರಲಿಲ್ಲ. ಸಂಸದೀಯ ಚರ್ಚೆಯ ಕಲೆ ಕಲಿಯುವವರಿಗೆ ಇಡೀ ಭಾಷಣದಲ್ಲಿ ನಾನು ತೋರಿಸುವುದು ಈ ಒಂದು ಜಾಗವನ್ನು. ನಿಯಮ ಮೀರದೆ, ನಿಯಮದ ಮಾತಿನಲ್ಲೇ, ನಿಯಮದ ಅನ್ಯಾಯ ಹೇಳಿದ ಜಾಗ ಇದು.

ಯಾರು ಅಮೆರಿಕತನದ ಬಗ್ಗೆ ಅತಿ ಗಟ್ಟಿಯಾಗಿ ಕೂಗುತ್ತಾರೋ ಅವರೇ ಅದರ ಮೂಲ ತತ್ವಗಳನ್ನು ಮರೆಯುತ್ತಾರೆ ಎಂದು ಹೇಳಿ ನಾಲ್ಕನ್ನು ಎಣಿಸುತ್ತಾರೆ: ಟೀಕಿಸುವ ಹಕ್ಕು, ಜನಕ್ಕೆ ಹಿಡಿಸದ ನಂಬಿಕೆ ಇಟ್ಟುಕೊಳ್ಳುವ ಹಕ್ಕು, ಪ್ರತಿಭಟಿಸುವ ಹಕ್ಕು, ಸ್ವಂತವಾಗಿ ಯೋಚಿಸುವ ಹಕ್ಕು. ಇವುಗಳಲ್ಲಿ ಯಾವುದನ್ನು ಚಲಾಯಿಸಿದರೂ ಒಬ್ಬ ಪ್ರಜೆಯ ಹೆಸರಾಗಲಿ ಹೊಟ್ಟೆಪಾಡಾಗಲಿ ಹೋಗಬಾರದು. ಮಾತಿನ ಸ್ವಾತಂತ್ರ್ಯವನ್ನು ಕೆಲವರು ಎಷ್ಟು ಕೆಡಿಸಿದ್ದಾರೆಂದರೆ ಉಳಿದವರು ಅದನ್ನು ಬಳಸುವುದನ್ನೇ ಬಿಟ್ಟಿದ್ದಾರೆ ಎನ್ನುವ ಸಾಲು ಇಲ್ಲೇ ಬರುತ್ತದೆ. ಮಾತಾಡುವ ಹಕ್ಕು ಕಾನೂನಿನಲ್ಲಿ ಹಾಗೇ ಇರುವಾಗಲೂ ಜನ ತಾವಾಗಿಯೇ ಉಗುಳು ನುಂಗಿ ಸುಮ್ಮನಾಗುವ ಸ್ಥಿತಿಯನ್ನು ಒಂದೇ ಸಾಲಿನಲ್ಲಿ ಇಷ್ಟು ಸರಿಯಾಗಿ ಹಿಡಿದದ್ದನ್ನು ನಾನು ಬೇರೆಲ್ಲಿಯೂ ಕಂಡಿಲ್ಲ.

ತಮ್ಮ ಭಾಷಣ ಡೆಮಾಕ್ರಾಟರಿಗೆ ಅಸ್ತ್ರವಾಗಬಾರದು ಎಂಬ ಎಚ್ಚರವೂ ಇದೆ. ಅಧ್ಯಕ್ಷ ಟ್ರೂಮನ್ ಸರ್ಕಾರದಲ್ಲಿ ನಾಯಕತ್ವವಿಲ್ಲ, ಬದಲಾವಣೆ ಬೇಕು ಎಂದು ಖಾರವಾಗಿಯೇ ಹೇಳುತ್ತಾರೆ. ಆದರೆ ಪ್ರಾಮಾಣಿಕತೆ ಇಲ್ಲದ ರಿಪಬ್ಲಿಕನ್ ಸರ್ಕಾರ ಬಂದರೆ ದೇಶಕ್ಕೆ ಅಷ್ಟೇ ಅನಾಹುತ. ಬೈಬಲ್‌ನ ಪ್ರಕಟನೆ ಭಾಗದಲ್ಲಿ ವಿನಾಶ ಹೊತ್ತು ಬರುವ ನಾಲ್ವರು ಕುದುರೆ ಸವಾರರಿದ್ದಾರೆ. ಅವರನ್ನು ನೆನಪಿಸಿ, ಭಯ, ಅಜ್ಞಾನ, ಅಸಹನೆ, ಮಸಿ ಬಳಿಯುವ ಚಾಳಿ ಎಂಬ ನಾಲ್ಕು ಅಪನಿಂದೆಯ ಸವಾರರ ಬೆನ್ನೇರಿ ನನ್ನ ಪಕ್ಷ ಗೆಲ್ಲುವುದನ್ನು ನೋಡಲು ನನಗೆ ಇಷ್ಟವಿಲ್ಲ ಎಂದರು. ಗೆಲುವಿಗಾಗಿ ನಾವು ಅಷ್ಟೊಂದು ಹತಾಶರಾಗಿಲ್ಲ ತಾನೆ ಎಂದೂ ಸೇರಿಸಿದರು.

'ಹೆಣ್ಣಾಗಿ' ಎಂದು ಮೊದಲೇ ಹೇಳಿದ್ದರಲ್ಲ, ಅದರ ಅರ್ಥ ಕೊನೆಯ ಭಾಗದಲ್ಲಿ ತಿಳಿಯುತ್ತದೆ. ಸೆನೆಟ್ ಚರ್ಚೆಯಲ್ಲಿ ತಮ್ಮ ಮನೆಯವರು ಹೀಗೆ ಚಿಂದಿಯಾಗುವುದನ್ನು ನೋಡಿ ತಾಯಂದಿರಿಗೆ, ಹೆಂಡಿರಿಗೆ, ಅಕ್ಕತಂಗಿಯರಿಗೆ, ಹೆಣ್ಣುಮಕ್ಕಳಿಗೆ ಏನನ್ನಿಸುತ್ತಿರಬಹುದು ಎಂದು ಕೇಳುತ್ತಾರೆ. 'ಚರ್ಚೆ' ಎಂಬ ಪದವನ್ನು ಗೊತ್ತಿದ್ದೇ ಬಳಸುತ್ತಿದ್ದೇನೆ ಎಂದು ಒಂದು ಗಳಿಗೆ ನಿಲ್ಲಿಸುತ್ತಾರೆ. ಆರೋಪ ಬಿದ್ದ ಮನೆಯಲ್ಲಿ ಸಂಜೆ ಊಟದ ಹೊತ್ತಿಗೆ ಏನಾಗುತ್ತದೆ ಎಂಬುದನ್ನು ಆ ಸದನದಲ್ಲಿ ಅಲ್ಲಿಯವರೆಗೆ ಯಾರೂ ಕೇಳಿರಲಿಲ್ಲ.

ಮೆಕಾರ್ಥಿ ಸದನದಲ್ಲೇ ಇದ್ದರು. ಭಾಷಣದಲ್ಲಿ ಅವರ ಹೆಸರು ಒಮ್ಮೆಯೂ ಬರಲಿಲ್ಲ. ಉತ್ತರ ಕೊಡದೆ ಅವರು ಎದ್ದು ಹೋದರು.

ತೆತ್ತ ಬೆಲೆ

ಪತ್ರಿಕೆಗಳು ಹೊಗಳಿದವು. 'ನ್ಯೂಸ್‌ವೀಕ್' ಮುಖಪುಟದಲ್ಲಿ ಸ್ಮಿತ್ ಚಿತ್ರ ಬಂತು. ಈ ಭಾಷಣ ಗಂಡಸು ಮಾಡಿದ್ದರೆ ಮುಂದಿನ ಅಧ್ಯಕ್ಷ ಅವನೇ ಆಗುತ್ತಿದ್ದ ಎಂದರು ಹಣಕಾಸು ಉದ್ಯಮಿ, ಅಧ್ಯಕ್ಷರ ಸಲಹೆಗಾರ ಬರ್ನಾರ್ಡ್ ಬರೂಕ್. ಇದನ್ನು ಮೆಚ್ಚುಗೆ ಎಂದು ಎಲ್ಲರೂ ಉಲ್ಲೇಖಿಸುತ್ತಾರೆ. ನನಗದು ಮೆಚ್ಚುಗೆಗಿಂತ ಹೆಚ್ಚಾಗಿ ಆ ಕಾಲದ ಬಾಗಿಲು ಎಷ್ಟು ಗಟ್ಟಿಯಾಗಿ ಮುಚ್ಚಿತ್ತು ಎಂಬುದರ ದಾಖಲೆಯಾಗಿ ಕಾಣುತ್ತದೆ.

ಮೆಕಾರ್ಥಿ ಏಳು ಜನರಿಗೂ ಒಟ್ಟಿಗೆ ಒಂದು ಅಡ್ಡಹೆಸರು ಇಟ್ಟರು: 'ಸ್ನೋವೈಟ್ ಮತ್ತು ಆರು ಕುಳ್ಳರು'. ಜೂನ್ 25ರಂದು ಕೊರಿಯಾ ಯುದ್ಧ ಶುರುವಾಯಿತು. ಕಮ್ಯುನಿಸ್ಟರ ವಿರುದ್ಧ ಸೈನಿಕರು ಸಾಯುತ್ತಿರುವಾಗ ಮೆಕಾರ್ಥಿ ವಿರುದ್ಧ ಮಾತಾಡುವುದು ಇನ್ನೂ ಕಷ್ಟವಾಯಿತು. ಸಹಿ ಹಾಕಿದವರಲ್ಲೇ ಕೆಲವರು ಮೆಲ್ಲಗೆ ದೂರ ಸರಿದರು. ಜುಲೈನಲ್ಲಿ ಟೈಡಿಂಗ್ಸ್ ಸಮಿತಿ ಈ ಆರೋಪಗಳು ಮೋಸ ಎಂದು ವರದಿ ಕೊಟ್ಟರೂ ಗಾಳಿ ತಿರುಗಲಿಲ್ಲ. ನವೆಂಬರ್‌ನಲ್ಲಿ ಟೈಡಿಂಗ್ಸ್ ಸೋತರು. ಆ ಪ್ರಚಾರದಲ್ಲಿ ಅವರು ಕಮ್ಯುನಿಸ್ಟ್ ನಾಯಕ ಅರ್ಲ್ ಬ್ರೌಡರ್ ಜೊತೆ ನಿಂತಂತೆ ಎರಡು ಫೋಟೊ ಅಂಟಿಸಿ ಹಂಚಲಾಗಿತ್ತು. ಫೋಟೊ ತಿರುಚುವುದಕ್ಕೆ ಕಂಪ್ಯೂಟರ್ ಬೇಕಿರಲಿಲ್ಲ.

1951ರ ಜನವರಿಯಲ್ಲಿ ಮೆಕಾರ್ಥಿ ತಮ್ಮ ಸಮಿತಿಯ ಹಿರಿತನ ಬಳಸಿ ಸ್ಮಿತ್‌ರನ್ನು ತನಿಖಾ ಉಪಸಮಿತಿಯಿಂದ ತೆಗೆದರು. ಆ ಜಾಗಕ್ಕೆ ಬಂದವರು ಆಗ ತಾನೆ ಸೆನೆಟ್‌ಗೆ ಕಾಲಿಟ್ಟಿದ್ದ ರಿಚರ್ಡ್ ನಿಕ್ಸನ್. ಆದರೆ ಸ್ಮಿತ್ ಇನ್ನೊಂದು ಉಪಸಮಿತಿಯಲ್ಲಿದ್ದರು. ಚುನಾವಣೆ ಮತ್ತು ಸದಸ್ಯರ ಹಕ್ಕುಗಳನ್ನು ನೋಡುವ ಆ ಉಪಸಮಿತಿ ಮೇರಿಲ್ಯಾಂಡ್ ಚುನಾವಣೆಯನ್ನು ತನಿಖೆ ಮಾಡಿ, ಫೋಟೊ ಅಂಟಿಸಿದ ಪ್ರಚಾರವನ್ನು ಹೀನ ಎಂದು ಕರೆಯಿತು. ವರದಿಗೆ ಸ್ಮಿತ್ ಸಹಿ ಇದೆ, ಹೆಂಡ್ರಿಕ್ಸನ್ ಸಹಿಯೂ ಇದೆ.

1953ರಲ್ಲಿ ರಿಪಬ್ಲಿಕನ್ನರಿಗೆ ಬಹುಮತ ಬಂದಾಗ ಮೆಕಾರ್ಥಿ ಸಮಿತಿಯ ಅಧ್ಯಕ್ಷರೇ ಆದರು. 1954ರಲ್ಲಿ ಮೇಯ್ನ್‌ನ ಪಕ್ಷದ ಒಳಚುನಾವಣೆಯಲ್ಲಿ ಸ್ಮಿತ್ ವಿರುದ್ಧ ರಾಬರ್ಟ್ ಜೋನ್ಸ್ ಎಂಬ ತರುಣ ನಿಂತಾಗ ಅವರ ಬೆನ್ನಿಗೆ ಮೆಕಾರ್ಥಿ ಬೆಂಬಲವಿತ್ತು. ಸ್ಮಿತ್ ಸುಮಾರು ಐದು ಪಟ್ಟು ಮತದಿಂದ ಗೆದ್ದರು. ಊರವರಿಗೆ ಅವರು ಯಾರೆಂದು ಗೊತ್ತಿತ್ತು.

ಭಾಷಣದಿಂದ ಮೆಕಾರ್ಥಿ ನಿಲ್ಲಲಿಲ್ಲವಲ್ಲ, ಹಾಗಾದರೆ ಅದರ ಪ್ರಯೋಜನವೇನು ಎಂದು ಕೇಳುವುದು ಸರಿಯಾದ ಪ್ರಶ್ನೆ. ನಾಲ್ಕು ವರ್ಷ ಆ ಕಾಟ ನಡೆದೇ ನಡೆಯಿತು. ಹೆಸರು ಹೇಳದ ಭಾಷಣ ಮೆತ್ತಗಾಯಿತು ಎಂಬ ಟೀಕೆಯನ್ನೂ ನಾನು ತಳ್ಳಿಹಾಕುವುದಿಲ್ಲ. ಆದರೆ ಹೆಸರು ಹೇಳಿದ್ದರೆ ಅಂದಿನ ಕಲಾಪ ಕ್ರಿಯಾಲೋಪದ ಗಲಾಟೆಯಲ್ಲಿ ಮುಗಿಯುತ್ತಿತ್ತು, ಗುರಾಣಿಯ ಮಾತು ಕಡತಕ್ಕೇ ಹೋಗುತ್ತಿರಲಿಲ್ಲ.

ಅವರ ಮುಂದಿನ ಕಾಲವನ್ನು ಬೇಗ ಹೇಳಿಬಿಡುತ್ತೇನೆ. ದಿನಾ ಎದೆಗೆ ಒಂದು ಗುಲಾಬಿ ಸಿಕ್ಕಿಸಿಕೊಂಡು ಬರುತ್ತಿದ್ದರು. ಸದನದಲ್ಲಿ ಮಾತು ಕಡಿಮೆ, ಮತ ತಪ್ಪಿಸುತ್ತಿರಲಿಲ್ಲ: 1955ರಿಂದ 1968ರವರೆಗೆ ಸದಸ್ಯರ ಹೆಸರು ಕರೆದು ಮತ ಪಡೆದಾಗಲೆಲ್ಲ, ಸತತ 2,941 ಬಾರಿ. ಸೊಂಟದ ಶಸ್ತ್ರಚಿಕಿತ್ಸೆ ಬಂದಾಗಷ್ಟೇ ಆ ಸರಪಣಿ ತುಂಡಾಯಿತು. 1964ರಲ್ಲಿ ಅಧ್ಯಕ್ಷ ಪದವಿಗೆ ಸ್ಪರ್ಧಿಸಿದರು. ಸ್ಯಾನ್‌ಫ್ರಾನ್ಸಿಸ್ಕೊ ಅಧಿವೇಶನದಲ್ಲಿ ಅವರ ಹೆಸರು ಸೂಚಿಸಿದವರು 1950ರಲ್ಲಿ ಸಹಿ ಹಾಕಿದ ಆರು ಜನರಲ್ಲಿ ಒಬ್ಬರಾಗಿದ್ದ ಜಾರ್ಜ್ ಐಕನ್. ಸಿಕ್ಕಿದ್ದು 27 ಮತ, ರೈಲಿನ ಹತ್ತಿರ ಮೆಕಾರ್ಥಿ ಹೇಳಿದ್ದ ಅದೇ ಸಂಖ್ಯೆ. 1970ರ ಜೂನ್ 1ರಂದು, ಸರಿಯಾಗಿ ಇಪ್ಪತ್ತು ವರ್ಷಕ್ಕೆ, ವಿಯೆಟ್ನಾಂ ಕಾಲದ ಎಡಬಲದ ಉಗ್ರತೆ ಎರಡನ್ನೂ ಖಂಡಿಸಿ ಮತ್ತೊಂದು ಆತ್ಮಸಾಕ್ಷಿಯ ಘೋಷಣೆ ಮಾಡಿದರು. 1972ರಲ್ಲಿ ಸೋತರು. 1995ರ ಮೇ 29ರಂದು, 97ನೇ ವಯಸ್ಸಿನಲ್ಲಿ ತೀರಿಕೊಂಡರು.

ಸದನ ಶಿಕ್ಷಿಸಿದ್ದು ಯಾವುದಕ್ಕೆ

ಈಗ 1954ರ ಡಿಸೆಂಬರ್ 2ಕ್ಕೆ ಮರಳಬೇಕು. ಅಂದು ಸೆನೆಟ್ 67-22 ಮತಗಳಿಂದ ಮೆಕಾರ್ಥಿಗೆ ಛೀಮಾರಿ ಹಾಕಿತು. ರಿಪಬ್ಲಿಕನ್ನರು ಸರಿಯಾಗಿ ಎರಡು ಪಾಲಾದರು, 22 ಪರ, 22 ವಿರುದ್ಧ. ಸ್ಮಿತ್ ಛೀಮಾರಿಯ ಪರ ಮತ ಹಾಕಿದರು. ಕತೆ ಹೇಳುವವರು ಸಾಮಾನ್ಯವಾಗಿ ಇಲ್ಲಿ ನಿಲ್ಲಿಸಿ, 1950ರ ಮಾತಿಗೆ ಕೊನೆಗೂ ಜಯ ಸಿಕ್ಕಿತು ಎನ್ನುತ್ತಾರೆ.

ನಿರ್ಣಯದ ಒಳಗೆ ಏನಿತ್ತು ಎಂದು ನೋಡಿದರೆ ಜಯದ ಮಾತು ಅಷ್ಟು ಸುಲಭವಾಗಿ ಬಾಯಿಗೆ ಬರುವುದಿಲ್ಲ. ಯೂಟಾದ ಸೆನೆಟರ್ ಆರ್ಥರ್ ವಾಟ್ಕಿನ್ಸ್ ಅಧ್ಯಕ್ಷತೆಯ ಸಮಿತಿ ಎರಡು ಆರೋಪಗಳ ಮೇಲೆ ಛೀಮಾರಿಗೆ ಶಿಫಾರಸು ಮಾಡಿತ್ತು. ಒಂದು, ಹಿಂದೆ ಸ್ಮಿತ್ ಕೂತಿದ್ದ ಆ ಚುನಾವಣಾ ಉಪಸಮಿತಿಯ ವಿಚಾರಣೆಗೆ ಮೆಕಾರ್ಥಿ ಸಹಕರಿಸದೆ ಅದರ ಸದಸ್ಯರನ್ನು ನಿಂದಿಸಿದ್ದು. ಇನ್ನೊಂದು, ಅದೇ ವರ್ಷದ ಫೆಬ್ರವರಿಯಲ್ಲಿ ಸಾಕ್ಷಿಯಾಗಿ ಬಂದಿದ್ದ ಬ್ರಿಗೇಡಿಯರ್ ಜನರಲ್ ರಾಲ್ಫ್ ಜ್ವಿಕರ್ ಅವರನ್ನು, ಈ ಸಮವಸ್ತ್ರ ತೊಡಲು ನೀನು ಯೋಗ್ಯನಲ್ಲ ಎಂದು ಹೀಯಾಳಿಸಿದ್ದು. ಯುರೋಪಿನ ಯುದ್ಧಭೂಮಿಯಲ್ಲಿ ಹೋರಾಡಿ ಬಂದಿದ್ದ ಸೇನಾಧಿಕಾರಿ ಜ್ವಿಕರ್, ಸೆನೆಟರ್ ಅಲ್ಲ. ಇಡೀ ಪಟ್ಟಿಯಲ್ಲಿ ಗುರಾಣಿಯ ಹೊರಗಿದ್ದವರು ಅವರೊಬ್ಬರೇ.

ಸದನದ ಚರ್ಚೆಯಲ್ಲಿ ಜ್ವಿಕರ್ ವಿಷಯದ ಆರೋಪವನ್ನು ಕೈಬಿಟ್ಟರು. ಅದರ ಜಾಗಕ್ಕೆ, ವಾಟ್ಕಿನ್ಸ್ ಸಮಿತಿಯನ್ನೇ ಮೆಕಾರ್ಥಿ ನಿಂದಿಸಿದರು ಎಂಬುದನ್ನು ಸೇರಿಸಿದರು. ಹಾಗೆ ಉಳಿದ ಎರಡೂ ಆರೋಪ ಸೆನೆಟರ್‌ಗಳಿಗೆ ಆದ ಅವಮಾನದ್ದು. ನಡತೆ 'ಸೆನೆಟ್ ಪರಂಪರೆಗೆ ವಿರುದ್ಧ' ಎಂದಿತು ನಿರ್ಣಯ. ನಾಲ್ಕೂವರೆ ವರ್ಷದ ಹಿಂದೆ ಸ್ಮಿತ್ ಎತ್ತಿ ತೋರಿಸಿದ್ದ ವಿಪರ್ಯಾಸ ಇದೇ ಅಲ್ಲವೇ? ನಮ್ಮನ್ನು ಬೈದರೆ ತಡೆಯುತ್ತೇವೆ, ಹೊರಗಿನವರನ್ನು ಬೈದರೆ ಬಿಡುತ್ತೇವೆ. ಮೆಕಾರ್ಥಿಯನ್ನು ಶಿಕ್ಷಿಸುವ ಹೊತ್ತಿನಲ್ಲೂ ಸದನ ಅದೇ ಗೆರೆಯ ಮೇಲೆ ನಡೆಯಿತು.

19ನೇ ನಿಯಮ ಇಂದಿಗೂ ಇದೆ. 2017ರ ಫೆಬ್ರವರಿ 7ರಂದು ಅಟಾರ್ನಿ ಜನರಲ್ ಹುದ್ದೆಗೆ ಜೆಫ್ ಸೆಷನ್ಸ್ ನೇಮಕದ ಚರ್ಚೆಯಲ್ಲಿ, ಸೆಷನ್ಸ್‌ರನ್ನು ಟೀಕಿಸಿ ಮಾರ್ಟಿನ್ ಲೂಥರ್ ಕಿಂಗ್ ಅವರ ಪತ್ನಿ ಕೊರೆಟಾ ಸ್ಕಾಟ್ ಕಿಂಗ್ ಬರೆದಿದ್ದ ಹಳೆಯ ಪತ್ರ ಓದುತ್ತಿದ್ದ ಸೆನೆಟರ್ ಎಲಿಜಬೆತ್ ವಾರನ್‌ರನ್ನು ಇದೇ ನಿಯಮ ಹಿಡಿದು ಕೂರಿಸಿದರು. ಸೆಷನ್ಸ್ ಆಗ ಸೆನೆಟರ್ ಆಗಿದ್ದರು, ಅಷ್ಟು ಸಾಕಾಯಿತು.

ಡೊರೊಥಿ ಕೆನ್ಯನ್ ಹೆಸರಿನಲ್ಲಿ ಸೆನೆಟ್ ಯಾವ ನಿರ್ಣಯವನ್ನೂ ಮಾಡಲಿಲ್ಲ. ಅವರು 1972ರಲ್ಲಿ ತೀರಿಕೊಂಡರು, ಸ್ಮಿತ್ ಚುನಾವಣೆ ಸೋತ ಅದೇ ವರ್ಷ.